ಪ್ರಶ್ನೆ ಉದ್ಭವಿಸುವುದಿಲ್ಲ

ಕೋಲಾರ ಬಿಟ್ಟು ಶ್ರೀನಿವಾಸಪುರದ ಕಡೆ ಹೊರಟ ಸಣ್ಣ ರೈಲು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಎದುರಿನ ಬೆಂಚಿನವನು ಈ ಸಲ ಮಾವಿನ ಫಸಲು ಹೇಗಿದೆ ಎಂದು ಕೇಳಿದ. ಕೋದಂಡರಾಮಪ್ಪ 'ಇಲ್ಲ' ಎಂದ. ಆ ಮನುಷ್ಯ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, ಏನೋ ಮನೆಯಲ್ಲಿ ಕೆಟ್ಟದ್ದು ನಡೆದಿರಬೇಕು ಎಂದುಕೊಂಡವನಂತೆ ಕಿಟಕಿಯ ಕಡೆ ತಿರುಗಿಕೊಂಡ. ತಾನು ಹೇಳಿದ್ದು ಏನೆಂದು ಕೋದಂಡರಾಮಪ್ಪನಿಗೆ ಹೊಳೆದದ್ದು ಆಮೇಲೆ. ಅದು ಅವನ ಮಾತಲ್ಲ, ಮಂತ್ರಿಗಳ ಮಾತು. ಮೈಸೂರಿನ ಆ ಎತ್ತರದ ಹಜಾರದಲ್ಲಿ, ರುಮಾಲು ಸುತ್ತಿ ಉದ್ದ ಕೋಟು ತೊಟ್ಟು ಕೂತ ಪ್ರಜಾಪ್ರತಿನಿಧಿ ಸಭೆಯ ಸದಸ್ಯರ ನಡುವೆ, ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದಿದ ಮೊದಲ ಮಾತು. ಅವನು ಬರೆದು ಕಳಿಸಿದ್ದ ಪ್ರಶ್ನೆ ಅಚ್ಚಾಗಿ ಎಲ್ಲರ ಕೈಯಲ್ಲೂ ಇತ್ತು: ನೀಲಗುಂಟಪಲ್ಲಿಯ ಡಿಸ್ಪೆನ್ಸರಿಗೆ ಹಗಲು ಹೊತ್ತಿನಲ್ಲೇ ಬೀಗ ಬಿದ್ದಿದ್ದ ಕಾರಣ ಬದ್ರುನ್ನೀಸಾ ಎಂಬ ಗರ್ಭಿಣಿ ಸ್ತ್ರೀ ಅದರ ಬಾಗಿಲ ಮುಂದೆಯೇ ಮೃತಳಾದದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ತೆಗೆದುಕೊಂಡ ಕ್ರಮವೇನು? ಮಂತ್ರಿಗಳು ಓದಿದರು. ಇಲ್ಲ. ಡಿಸ್ಪೆನ್ಸರಿ ತೆರೆದೇ ಇತ್ತು. ಆ ಸ್ತ್ರೀ ದಾರಿಯಲ್ಲಿಯೇ ಮೃತಳಾಗಿದ್ದಳೆಂದು ಅವಳ ಗಂಡನೇ ತಾಲ್ಲೂಕು ಅಧಿಕಾರಿಗಳ ಮುಂದೆ ಹೇಳಿಕೆ ಕೊಟ್ಟಿದ್ದಾನೆ. ಆದ್ದರಿಂದ ಎರಡನೆಯ ಭಾಗದ ಪ್ರಶ್ನೆ ಉದ್ಭವಿಸುವುದಿಲ್ಲ.

ಗಂಡನೇ. ಆ ಮಾತು ಬಿದ್ದಾಗ ಕೋದಂಡರಾಮಪ್ಪನಿಗೆ ಯಾರೋ ಹಿಂದಿನಿಂದ ಬಂದು ಕುರ್ಚಿ ಎಳೆದ ಹಾಗಾಯಿತು. ಉಪಪ್ರಶ್ನೆಗೆಂದು ಎದ್ದು ನಿಂತದ್ದು ನೆನಪಿದೆ. ಅಧ್ಯಕ್ಷರು ತನ್ನ ಕಡೆ ನೋಡಿದ್ದು, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ್ದು, ಗೋಡೆಯ ಮೇಲಿನ ಯಾವುದೋ ಮಹಾರಾಜರ ಪಟದ ಗಾಜಿನಲ್ಲಿ ತಿರುಗುವ ಫ್ಯಾನು ಕಂಡದ್ದು, ಎಲ್ಲ ನೆನಪಿದೆ. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು: ಅವಳು ದಾರಿಯಲ್ಲಿ ಸಾಯಲಿಲ್ಲ, ಆ ಬಾಗಿಲ ಮುಂದೆ ಬದುಕಿದ್ದಳು, ಅವಳ ದನಿಯನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಮುಗಿಯುತ್ತಿತ್ತೇ? ಮಾನ್ಯ ಸದಸ್ಯರು ಆಗ ಅಲ್ಲಿದ್ದರೋ ಎಂದು ಮಂತ್ರಿಗಳು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ಇದ್ದೆ. ಇದ್ದು ಏನು ಮಾಡಿದರು? ಇಡೀ ಹಜಾರ ತನ್ನ ಕಡೆ ತಿರುಗುವುದು ಕಣ್ಣಿಗೆ ಕಟ್ಟಿದಂತಾಗಿ ಅವನು ಕೂತುಬಿಟ್ಟ. ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಬರುತ್ತಿತ್ತು. ಮಂತ್ರಿಗಳು ಹಾಳೆ ಮಗುಚಿ, ಮಾಲೂರಿನ ಬೀದಿ ದೀಪಗಳಿಗೆ ಸೀಮೆಎಣ್ಣೆ ಸಾಲದೆ ಇರುವ ವಿಷಯಕ್ಕೆ ಬಂದರು. ದನಿ ಕಿಂಚಿತ್ತೂ ಬದಲಾಗಲಿಲ್ಲ.

ಮನೆಯಲ್ಲಿ ಶ್ಯಾಮಲಮ್ಮ ಕಾಲಿಗೆ ನೀರು ಕೊಟ್ಟು, ಮೈಸೂರಿನಲ್ಲಿ ಎಲ್ಲ ಚೆನ್ನಾಗಿ ನಡೆಯಿತೇ ಎಂದಳು. ಚೆನ್ನಾಗಿ ನಡೆಯಿತು ಎಂದ. ಮದುವೆಯಾದಾಗಿನಿಂದ ಅವಳಿಗೆ ಅವನ ಮುಖ ಓದುವ ಅಭ್ಯಾಸ, ಅವನಿಗೆ ಅದನ್ನು ಕಂಡೂ ಕಾಣದವನಂತೆ ಇರುವ ಅಭ್ಯಾಸ. ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಹಿತ್ತಾಳೆಯ ಪಾತ್ರೆಗಳು ಒಳಗೆ ಬೆಳ್ಳಗೆ ಹೊಳೆಯುತ್ತಿದ್ದವು. ಯುಗಾದಿಯ ಹಿಂದೆಮುಂದೆ ನಬೀ ಸಾಬ್, ಹೇಳಿಕೆ ಕೊಟ್ಟ ಆ ಗಂಡ, ಬಂದು ಹಿತ್ತಲಲ್ಲಿ ತಿದಿ ಊದಿ ಕಲಾಯಿ ಹಾಕಿ ಹೋಗಿದ್ದ. ಹೆಂಡತಿ ಸತ್ತ ಮೇಲೆ ಬಂದದ್ದು ಅದೇ ಮೊದಲು. ಕೋದಂಡರಾಮಪ್ಪ ಆವತ್ತು ಹಿತ್ತಲಿಗೆ ಹೋಗಿ, ಆದದ್ದು ಕೇಳಿ ಬಹಳ ನೊಂದುಕೊಂಡೆ, ಇದನ್ನು ಇಷ್ಟಕ್ಕೆ ಬಿಡುವುದಿಲ್ಲ ಎಂದಿದ್ದ. ನಬೀ ಸಾಬ್ ನವಸಾಗರದ ಹೊಗೆಯ ನಡುವೆ ತಲೆ ಎತ್ತಿ ನೋಡಿ, 'ನಿಮ್ಮ ದಯ' ಎಂದು ಮತ್ತೆ ಪಾತ್ರೆಯನ್ನು ತಿರುಗಿಸತೊಡಗಿದ್ದ. ಆ ನೋಟದಲ್ಲಿ ಏನಿತ್ತು ಎಂದು ಈಗ ಎಷ್ಟು ನೆನೆದರೂ ಸಿಗಲೊಲ್ಲದು. ಮಾರನೆಯ ಬೆಳಿಗ್ಗೆ ಹೋಟೆಲಿನ ಮುಂದೆ ಹಾದುಹೋಗುವಾಗ ಮುನಿಕೃಷ್ಣಪ್ಪ ವಕೀಲರು ಪೇಪರು ಮಡಿಸುತ್ತಾ, ಗಂಡನನ್ನ ಒಂದು ಮಾತು ಕೇಳಿಕೊಂಡು ಆಮೇಲೆ ಸರ್ಕಾರವನ್ನ ಕೇಳಬಹುದಿತ್ತಲ್ಲ ಕೋದಂಡರಾಮಪ್ಪನವರೇ ಎಂದರು. ವ್ಯಂಗ್ಯವೇನೂ ಇರಲಿಲ್ಲ, ತಮ್ಮನಿಗೆ ಬುದ್ಧಿ ಹೇಳುವ ದನಿ. ಒಳಗೆ ಕೂತಿದ್ದವರು ಕಾಫಿ ಲೋಟದ ಮೇಲಿನಿಂದ ನೋಡಿದರು.

ಕೇಳುವುದೇನಿತ್ತು? ಅವನು ಕಣ್ಣಾರೆ ಕಂಡಿದ್ದ. ಯಲ್ದೂರಿನಲ್ಲಿ ಮಾವನವರ ತೋಟ ನೋಡಿಕೊಂಡು, ಕೋಲಾರದ ಕೋರ್ಟಿಗೆ ಹೋಗಲು ರೈಲು ಹಿಡಿಯಬೇಕೆಂದು ಹೊರಟ ದಿನ. ಕಮಾನು ಗಾಡಿ, ಮೆತ್ತನೆಯ ಹುಲ್ಲಿನ ಮೇಲೆ ಜಮಖಾನ, ಮುಂದೆ ಕೂತು ಎತ್ತು ಹೊಡೆಯುತ್ತಿದ್ದ ದೊಡ್ಡಮುನಿಯಪ್ಪ. ನೀಲಗುಂಟಪಲ್ಲಿಯ ಡಿಸ್ಪೆನ್ಸರಿಯ ಮುಂದೆ ಕಮಾನಿಲ್ಲದ ಒಂದು ಗಾಡಿ ಎತ್ತು ಬಿಚ್ಚಿ ಮೂಕಿಯನ್ನು ನೆಲಕ್ಕೆ ಇಳಿಸಿ ನಿಂತಿತ್ತು. ಸುತ್ತ ಗೋಣಿತಾಟು ಕಟ್ಟಿ ಮರೆ ಮಾಡಿದ್ದರು. ಒಬ್ಬ ಮುದುಕಿ ಅಂಗೈಯಿಂದ ಬಾಗಿಲು ಬಡಿಯುತ್ತಿದ್ದಳು. ಅವಳ ಪಕ್ಕ ನಬೀ ಸಾಬ್ ಬೀಗವನ್ನೇ ನೋಡುತ್ತಾ ನಿಂತಿದ್ದ. ಗೋಣಿತಾಟಿನ ಸಂದಿಯಿಂದ ಒಂದು ಕೈ ಹೊರಗೆ ಬಂದು ಗಾಡಿಯ ಗೂಟವನ್ನು ಹಿಡಿದಿತ್ತು, ಹಸಿರು ಬಳೆ. ದೊಡ್ಡಮುನಿಯಪ್ಪ ತಾನಾಗಿಯೇ ಎತ್ತುಗಳನ್ನು ನಿಧಾನ ಮಾಡಿದ. ಆಗ ಒಳಗಿನಿಂದ ದನಿ ಕೇಳಿಸಿತು. ಕಿರುಚಾಟವಲ್ಲ. ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಳ್ಳುವವರ ಹಾಗೆ, ಮತ್ತೆ ಮತ್ತೆ. ದೊಡ್ಡಮುನಿಯಪ್ಪ ಹಿಂತಿರುಗಿ ಅವನ ಮುಖ ನೋಡಿದ. 'ಗಾಡಿ ಹೊಡಿ' ಎಂದ ಕೋದಂಡರಾಮಪ್ಪ. ಹೆಂಗಸರ ವಿಷಯ, ಗೋಷಾ ಜನ, ಪರ ಗಂಡಸಿನ ಗಾಡಿ ಹತ್ತುತ್ತಾರೋ ಇಲ್ಲವೋ, ನರ್ಸಮ್ಮ ಇಲ್ಲೇ ಎಲ್ಲೋ ಹೋಗಿರಬೇಕು, ಕೋರ್ಟಿನಲ್ಲಿ ಕಕ್ಷಿಗಾರ ಕಾಯುತ್ತಿರುತ್ತಾನೆ: ಈ ಕಾರಣಗಳೆಲ್ಲ ಬಂದದ್ದು ಗಾಡಿ ಊರು ದಾಟಿದ ಮೇಲೆ. ಹೊಡಿ ಎಂದಾಗ ಮನಸ್ಸಿನಲ್ಲಿ ಒಂದು ಕಾರಣವೂ ಇರಲಿಲ್ಲ. ಅದೇ ಅವನನ್ನು ಈಗ ಬೆಚ್ಚಿಬೀಳಿಸುತ್ತಿದ್ದುದು. ಅವಳು ತೀರಿಕೊಂಡ ಸುದ್ದಿ ಆ ಊರಿನ ಪಟೇಲರ ಬಾಯಿಂದ ಬಂದಾಗ ಅವನು ನಿಜವಾಗಿ ಉರಿದಿದ್ದ. ಆ ಉರಿಯಲ್ಲೇ ಕೂತು ಪ್ರಶ್ನೆ ಬರೆದ. ಹೆಸರಿಲ್ಲದೆ ಹೋದರೆ ಸಭೆಗೆ ಅದೊಂದು ಊಹಾಪೋಹವಾಗಿ ಕಾಣುತ್ತದೆಂದು ಪಟೇಲರನ್ನು ಕೇಳಿ ಅವಳ ಹೆಸರನ್ನೂ ಸೇರಿಸಿದ. ಬರೆದು ಮುಗಿಸಿದಾಗ ಎಣ್ಣೆನೀರು ಹಾಕಿಕೊಂಡ ಹಾಗೆ ಮೈ ಹಗುರವಾಗಿತ್ತು.

ಈಗ ಆ ಉರಿ ಪೂರ್ತಿ ನಬೀ ಸಾಬನ ಮೇಲೆ ತಿರುಗಿತು. ತಿರುಗಿದ್ದು ಒಂದು ಬಗೆಯ ಸಮಾಧಾನವನ್ನೂ ತಂದಿತು. ಯಾರೋ ಅವನನ್ನು ಹೆದರಿಸಿರಬೇಕು. ತಾಲ್ಲೂಕಿನ ಅಮಲ್ದಾರರು ಕರೆಸಿ ಗದರಿಸಿರಬೇಕು, ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿರಬೇಕು. ಹಾಗಿದ್ದರೆ ಮುಂದಿನ ಅಧಿವೇಶನಕ್ಕೆ ಇನ್ನೂ ದೊಡ್ಡ ಪ್ರಶ್ನೆ. ಬಲವಂತದಿಂದ ಹೇಳಿಕೆ ಪಡೆದದ್ದು ನಿಜವೇ? ನಿಜವಾಗಿದ್ದರೆ ಹೊಣೆ ಯಾರು? ಆ ವಾರದ ಕೊನೆಗೆ ಗಾಡಿಯಲ್ಲಿ ಕೂತು ನೀಲಗುಂಟಪಲ್ಲಿಗೆ ಹೋಗುತ್ತಾ ಅವನು ವಾಕ್ಯಗಳನ್ನು ಜೋಡಿಸಿದ. ದೊಡ್ಡಮುನಿಯಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವನು ಮೊದಲಿನಿಂದಲೂ ಹೆಚ್ಚು ಮಾತಿನವನಲ್ಲ ಎಂದು ಕೋದಂಡರಾಮಪ್ಪ ತನಗೆ ತಾನೇ ಹೇಳಿಕೊಂಡ. ಊರು ಸಿಕ್ಕಿತು. ಡಿಸ್ಪೆನ್ಸರಿಯ ಮುಂದೆ ಒಂದು ಗಾಡಿ ನಿಂತಿತ್ತು, ಸುತ್ತ ಹೆಂಗಸರು. ಹತ್ತಿರ ಬಂದಾಗ ಕಂಡಿತು: ಗಾಡಿಯಲ್ಲಿ ಒಂದು ತಗಡಿನ ಟ್ರಂಕು, ಸುತ್ತಿದ ಹಾಸಿಗೆ, ಒರಳುಕಲ್ಲು, ಚೀಲದ ಬಾಯಿಂದ ಇಣುಕುವ ಸೌಟು. ನಬೀ ಸಾಬ್ ಒಂದು ಕಾಲನ್ನು ಚಕ್ರಕ್ಕೆ ಒತ್ತಿ ಹಗ್ಗ ಬಿಗಿಯುತ್ತಿದ್ದ. ಮಿಡ್‌ವೈಫ್ ಆದಿಲಕ್ಷ್ಮಮ್ಮ, ಊರವರ ಬಾಯಲ್ಲಿ ನರ್ಸಮ್ಮ, ನಡುವಯಸ್ಸು ದಾಟಿದ ವಿಧವೆ, ಮೆಟ್ಟಿಲ ಮೇಲೆ ಕೂತು ಬಸುರಿ ಹುಡುಗಿಯೊಬ್ಬಳಿಗೆ ಯಾವ ಕಡೆ ಮಗ್ಗುಲಾಗಿ ಮಲಗಬೇಕೆಂದು ಕೈಯಲ್ಲಿ ತೋರಿಸಿ ಹೇಳುತ್ತಿದ್ದಳು. ಹುಡುಗಿ ಅಳುತ್ತಿದ್ದಳು. ಕೋದಂಡರಾಮಪ್ಪ ಇಳಿದದ್ದೇ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು. ಪಂಚೆಯ ಅಂಚು ಕೈಯಲ್ಲಿ ಹಿಡಿದು ಅಷ್ಟು ಜನರ ನಡುವೆ ನಿಂತಾಗ, ಯಾರದೋ ಮನೆಯ ಸಾವಿಗೆ ತಪ್ಪಿ ಬಂದವನ ಹಾಗೆ ಅವನಿಗೆ ಅನ್ನಿಸಿತು.

ನಬೀ ಸಾಬ್ ಹಗ್ಗದ ಗಂಟು ಹಾಕಿ, ಕೈ ಒರೆಸಿಕೊಂಡು, 'ಬನ್ನಿ ವಕೀಲ್ರೆ' ಎಂದು ಹೊಂಗೆ ಮರದ ಕಡೆ ಕರೆದುಕೊಂಡು ಹೋದ. ಕೋದಂಡರಾಮಪ್ಪ ದನಿ ತಗ್ಗಿಸಿ, ಯಾರು ಹೆದರಿಸಿದರು ಹೇಳು, ನಾನಿದ್ದೇನೆ ಎಂದ. ಯಾರೂ ಹೆದರಿಸಲಿಲ್ಲ ಎಂದ ನಬೀ ಸಾಬ್. ಅಮಲ್ದಾರರು ಕುರ್ಚಿ ಹಾಕಿಸಿಕೊಂಡು ಮರ್ಯಾದೆಯಿಂದಲೇ ಕೇಳಿದರು, ದಾರಿಯಲ್ಲೇ ಹೋದಳೆಂದು ತಾನಾಗಿಯೇ ಹೇಳಿದ್ದು. ಸುಳ್ಳು ಯಾಕೆ ಹೇಳಿದೆ ಎಂದದ್ದಕ್ಕೆ ಅವನು ಉತ್ತರವನ್ನು ಹುಡುಕಲಿಲ್ಲ. ಎಂದೋ ಯೋಚಿಸಿ ಇಟ್ಟುಕೊಂಡಿದ್ದವನಂತೆ ಹೇಳುತ್ತಾ ಹೋದ. ಇಲ್ಲಿದ್ದ ಡಾಕ್ಟರು ಯುದ್ಧ ಶುರುವಾದ ಮೇಲೆ ಪಟಾಲಮ್ಮಿಗೆ ಸೇರಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬೀಗದ ಕೈಯಿಂದ ಹಿಡಿದು ಔಷಧಿಯವರೆಗೆ ಎಲ್ಲ ಈ ನರ್ಸಮ್ಮನ ಮೇಲೆ ಬಿತ್ತು. ಆವತ್ತು ಈಯಮ್ಮ ಬಾಗಿಲು ಹಾಕಿಕೊಂಡು ಹೋದದ್ದು ಪಕ್ಕದ ಊರಿನ ರೆಡ್ಡಿಗಳ ಮನೆಗೆ. ಅವಳಿ ಹೆರಿಗೆ, ಒಂದು ಅಡ್ಡ ನಿಂತಿತ್ತು. ಅಲ್ಲಿ ತಾಯಿ ಉಳಿದಳು, ಮಕ್ಕಳೂ ಉಳಿದವು. ಬೀಗ ಹಾಕಿತ್ತು ಎಂದು ತಾನು ಹೇಳಿದ್ದರೆ ಸರ್ಕಾರ ಡಾಕ್ಟರನ್ನೇನೂ ಕಳಿಸುತ್ತಿರಲಿಲ್ಲ, ಈಯಮ್ಮನ ಕೆಲಸ ತೆಗೆಯುತ್ತಿತ್ತು.

'ಹೋದೋಳು ಹೋದ್ಲು ಸಾಮಿ. ಇರೋರಿಗೆ ಈಯಮ್ಮ ಬೇಕಾಗಿತ್ತು. ನನ್ನ ತಂಗೀನೇ ಆಗ್ಲೋ ಈಗ್ಲೋ ಅಂತವಳೆ, ನೋಡಿ ಅಲ್ಲಿ.'

ಮೆಟ್ಟಿಲ ಬಳಿ ಅಳುತ್ತಿದ್ದ ಹುಡುಗಿ ಅವಳು. ಮತ್ತೆ ಈ ಗಾಡಿ, ಈ ಟ್ರಂಕು? ಮಾಲೂರಿಗೆ ವರ್ಗ ಆಗಿದೆ ಎಂದ ನಬೀ ಸಾಬ್. ಸಭೆಯಲ್ಲಿ ಹೆಸರು ಬಂದ ಜಾಗ, ಇನ್ನೊಮ್ಮೆ ತಕರಾರು ಬೇಡ ಅಂತ ಮೇಲಿನವರು ಹಾಗೆ ಮಾಡಿದರಂತೆ. ಈಯಮ್ಮನ ಬದಲಿಗೆ ಯಾರೂ ಇಲ್ಲ. ಯುದ್ಧ ಮುಗಿದ ಮೇಲೆ ನೋಡೋಣ ಅಂದರಂತೆ. ಇದನ್ನೆಲ್ಲ ಅವನು ಯಾರ ಮೇಲೂ ತಪ್ಪು ಹೊರಿಸದೆ ಹೇಳಿದ. ಆಮೇಲೆ ನಿಜವಾಗಿ ತಿಳಿದುಕೊಳ್ಳಬೇಕೆಂಬವನ ಹಾಗೆ ಕೇಳಿದ.

'ನಿಮ್ಮ ಪ್ರಶ್ನೆಗೆ ಮಂತ್ರಿಗಳು ಇಲ್ಲ ಅಂದ್ರಂತಲ್ಲ. ಏನೂ ನಡೀಲೇ ಇಲ್ಲ ಅಂದ್ಮೇಲೆ ಈಯಮ್ಮನ್ನ ಯಾಕೆ ಕಳಿಸ್ತಾರೆ?'

ಕೋದಂಡರಾಮಪ್ಪ ಅದಕ್ಕೊಂದು ನಿಯಮ ಹುಡುಕಿದ. ಕಾನೂನು ಬಲ್ಲವನು, ಸಭೆಯ ನಿಯಮಗಳ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದವನು. ಹೊಂಗೆಯ ಒಂದು ಹೂವು ಅವನ ಕೋಟಿನ ತೋಳಿನ ಮೇಲೆ ಬಿತ್ತು. ಅದನ್ನು ಕೊಡವಿದ. ಅಷ್ಟಕ್ಕೆ ಮುಗಿಯಿತೆಂದುಕೊಂಡರೆ ನಬೀ ಸಾಬ್ ಇನ್ನೊಂದು ಮಾತಿದೆ, ಹೇಳಬಾರದು ಅಂತಿದ್ದೆ ಎಂದ. ಮೊನ್ನೆ ಕಲಾಯಿಯ ಸಾಮಾನು ಹೊತ್ತುಕೊಂಡು ಶ್ರೀನಿವಾಸಪುರಕ್ಕೆ ಹೋಗಿದ್ದೆ. ಹೋಟೆಲಿನ ಮುಂದೆ ಇದ್ದಿಲು ಹೊತ್ತಿಸಿಕೊಂಡು ಕೂತಿದ್ದೆ. ಒಳಗೆ ಯಾರೋ ಪೇಪರು ಜೋರಾಗಿ ಓದುತ್ತಿದ್ದರು. ಅವಳ ಹೆಸರು ಬಂತು. ಓದುವವನಿಗೆ ಆ ಹೆಸರು ತಿರುಗಲಿಲ್ಲ, ಎರಡು ಮೂರು ಸಲ ಎಡವಿದ, ಒಂದೊಂದು ಸಲಕ್ಕೂ ಒಂದೊಂದು ಥರ ಅಂದ. ಒಳಗಿದ್ದವರು ನಕ್ಕರು.

'ಮದುವೆ ಆದಾಗಿಂದ ನಾನೇ ಅವಳ ಹೆಸರು ಹಿಡಿದು ಬೀದೀಲಿ ಕರೆದಿಲ್ಲ. ಸತ್ತಿದ್ದು ಬರೀರಿ, ಬೀಗ ಹಾಕಿದ್ದು ಬರೀರಿ. ಹೆಸರು ಯಾಕೆ ಹಾಕಿದ್ರಿ?'

ಅವನ ದನಿ ಏರಲಿಲ್ಲ. ಕೋದಂಡರಾಮಪ್ಪ ಆ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಅಂದುಕೊಂಡ. ಬದ್ರುನ್ನೀಸಾ. ಪಟೇಲರಿಂದ ಕೇಳಿ ತಿಳಿದು, ಕಾಗುಣಿತ ಸರಿಯಿದೆಯೇ ಎಂದು ನೋಡಿಕೊಂಡು, ತಾನು ಶುದ್ಧವಾದ ಅಕ್ಷರದಲ್ಲಿ ಬರೆದ ಹೆಸರು. ಅದು ಒಬ್ಬಳ ಹೆಸರೆಂದು ಆಗ ಅನ್ನಿಸಿರಲೇ ಇಲ್ಲ. ಪ್ರಶ್ನೆಗೆ ತೂಕ ಕೊಡುವ ಒಂದು ಪದ ಎಂದಷ್ಟೇ ಅನ್ನಿಸಿತ್ತು. ಶ್ಯಾಮಲಮ್ಮನ ಹೆಸರನ್ನು ಯಾರಾದರೂ ಹಾಗೆ ಹೆರಿಗೆಯ ಸಮೇತ ಮೈಸೂರಿನ ಹಜಾರದಲ್ಲಿ ಓದಿದ್ದರೆ? ತಾನು ಆ ಗೋಣಿತಾಟನ್ನು ಕಿತ್ತು ಹಾಕಿ ಇಡೀ ಸಂಸ್ಥಾನಕ್ಕೆ ಒಳಗಿದ್ದವಳನ್ನು ತೋರಿಸಿದ ಹಾಗಾಯಿತಲ್ಲ. ತಪ್ಪಾಯಿತು ಎನ್ನಬೇಕೆಂದಿದ್ದ, ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಆ ಮುದುಕಿ ಬಂದಳು, ನಬೀ ಸಾಬನ ತಾಯಿ ಅಮೀನಾ ಬೀ. ಮರದವರೆಗೆ ಬಂದು, ಉಸಿರು ಹಿಡಿದು ನಿಂತು, ತಲೆಯ ಮೇಲಿನ ಬಟ್ಟೆಯನ್ನು ಹಿಂದಕ್ಕೆ ಸರಿಸಿ ಅವನನ್ನು ನೇರವಾಗಿ ನೋಡಿದಳು.

'ಇನ್ನೊಂದು ಪ್ರಶ್ನೆ ಹಾಕಿ ಸಾಮಿ, ನರ್ಸಮ್ಮನ್ನ ತಿರುಗಿ ಕಳಿಸ್ತೀರಾ ಇಲ್ವಾ ಅಂತ. ಈ ಸಲ ನನ್ನ ಹೆಸರು ಹಾಕಿ, ಅಮೀನಾ ಬೀ. ಮುದುಕಿ ಹೆಸರಿಗೆ ಯಾರು ನಗ್ತಾರೆ? ಬಾಗಿಲು ಬಡಿದೋಳು ನಾನೇ. ನಿಮ್ಮ ಹೆಸರೂ ಹಾಕಿ. ನೀವೂ ಆವತ್ತು ಇದ್ರಲ್ಲ.'

ನಬೀ ಸಾಬ್ ತಮ್ಮ ಮನೆಮಾತಿನಲ್ಲಿ ಏನೋ ಹೇಳಿ ತಾಯಿಯ ಮೊಳಕೈ ಹಿಡಿದ. ಅವಳು ಕೊಡವಿಕೊಂಡಳು. ಆ ಮುಖದಲ್ಲಿ ದೂರಿನ ಕುರುಹು ಇದೆಯೇ ಎಂದು ಕೋದಂಡರಾಮಪ್ಪ ಹುಡುಕಿದ. ಇದ್ದಿದ್ದರೆ ತಾನು ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ಇರಲಿಲ್ಲ. ಸಾಕ್ಷಿಗೆ ಇನ್ನೊಬ್ಬರಿದ್ದಾರೆ ಎಂಬ ಭರವಸೆ ಮಾತ್ರ ಇತ್ತು. ಇವರು ಕಂಡಿದ್ದರು. ಗಾಡಿ ನಿಧಾನವಾದದ್ದು, ಮತ್ತೆ ಓಡಿದ್ದು, ಎರಡನ್ನೂ ಕಂಡಿದ್ದರು. ಕಂಡೂ ನಬೀ ಸಾಬ್ ಅವನ ಹಿತ್ತಲಿಗೆ ಬಂದು, ಅವನ ಮನೆಯ ಪಾತ್ರೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿ, ಅವನ ಸಂತಾಪದ ಮಾತನ್ನು ಕೇಳಿ, ನಿಮ್ಮ ದಯ ಎಂದು ಹೋಗಿದ್ದ. ನಿಯಮ ಹಾಗಿಲ್ಲಮ್ಮ ಎಂದು ತಾನು ಹೇಳುತ್ತಿರುವುದು ಕೋದಂಡರಾಮಪ್ಪನಿಗೆ ದೂರದಿಂದ ಕೇಳಿಸಿತು. ಪ್ರಶ್ನೆ ಕೇಳುವವನು ತಾನು ಕಂಡದ್ದನ್ನು ಹೇಳುವ ಹಾಗಿಲ್ಲ, ಕೇಳಬೇಕು ಅಷ್ಟೆ. ಹೇಳುವುದು ಸರ್ಕಾರದ ಕೆಲಸ.

'ಗೊತ್ತಿರೋದನ್ನ ಯಾಕೆ ಕೇಳ್ತೀರ? ಹೇಳಿ' ಎಂದಳು ಮುದುಕಿ.

ಗಾಡಿ ಹೊರಡುವ ಹೊತ್ತಾಗಿತ್ತು. ಆದಿಲಕ್ಷ್ಮಮ್ಮ ಹತ್ತಿರ ಬಂದಾಗ ಅವನು ಏನು ಹೇಳಬೇಕೆಂದು ತೋಚದೆ, ತಾನು ಕಂಡದ್ದನ್ನು ಹೇಳಿದರೆ ನಿಮಗೆ ಇನ್ನೂ ತೊಂದರೆಯಾಗುತ್ತದಲ್ಲ ಎಂದ. ಅವಳು ಬೆವರು ಒರೆಸಿಕೊಳ್ಳುತ್ತಾ ಅವನನ್ನಲ್ಲ, ನಬೀ ಸಾಬನನ್ನು ನೋಡಿದಳು. ತನಗೋಸ್ಕರ ಸುಳ್ಳು ಹೇಳಿ ಎಂದು ತಾನು ಯಾರನ್ನೂ ಕೇಳಿರಲಿಲ್ಲ ಎಂದಳು. ಆವತ್ತು ನಾನು ಎಲ್ಲಿ ಹೋಗಿದ್ದೆ ಅನ್ನುವುದನ್ನೂ ಸೇರಿಸಿ ಹೇಳಿ, ಮುಚ್ಚಿಡುವಂಥದ್ದು ಏನಿದೆ ಎಂದು ಕೋದಂಡರಾಮಪ್ಪನಿಗೆ ಹೇಳಿದಳು. ನಬೀ ಸಾಬ್, ಸುಳ್ಳು ಹೇಳಿಕೆಗೆ ತನ್ನನ್ನು ಹಿಡಿದರೆ ಹಿಡಿಯಲಿ, ಈಗ ಕಾಪಾಡುವುದಕ್ಕೆ ಏನು ಉಳಿದಿದೆ ಎಂದ. ಗಾಡಿ ಹೊರಟಿತು. ಬಸುರಿ ಹುಡುಗಿ ಅದರ ಹಿಂದೆ ಸ್ವಲ್ಪ ದೂರ ನಡೆದು, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಆದಿಲಕ್ಷ್ಮಮ್ಮ ಗಾಡಿಯಿಂದಲೇ, ನೀರಿನ ಬಿಂದಿಗೆ ಎತ್ತಬೇಡ ಕಣೇ ಎಂದು ಕೂಗಿದಳು.

ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ರೈತರು ಬೆಂಚಿನ ಮೇಲೂ ನೆಲದ ಮೇಲೂ ಕೂತಿದ್ದರು. ಕೋದಂಡರಾಮಪ್ಪ ಬಂದದ್ದನ್ನು ಕಂಡು ಗುಮಾಸ್ತ ಚನ್ನರಾಯಪ್ಪ ಎದ್ದು ನಿಂತು ಕುರ್ಚಿ ತರಿಸಿದ. ಅವನು ಕೂರಲಿಲ್ಲ. ನೀಲಗುಂಟಪಲ್ಲಿಯ ವಿಷಯದಲ್ಲಿ ತನ್ನ ಹೇಳಿಕೆ ಬರೆದುಕೊಳ್ಳಬೇಕು ಎಂದ. ಚನ್ನರಾಯಪ್ಪ ಗಾಬರಿಯಾಗಿ, ಆ ಕಡತ ಮುಗಿದಿದೆ ಸ್ವಾಮಿ, ಮೈಸೂರಿನಲ್ಲೇ ಉತ್ತರ ಕೊಟ್ಟಾಯಿತಲ್ಲ, ಇನ್ನು ಇದರಿಂದ ಆಯಮ್ಮನ ವರ್ಗವೇನೂ ನಿಲ್ಲುವುದಿಲ್ಲ ಎಂದ. ನಿಲ್ಲದಿದ್ದರೂ ಬರೆದುಕೊಳ್ಳಿ ಎಂದಾಗ ಅಮಲ್ದಾರರ ಕೋಣೆಗೆ ಹೋಗಿ ಬಂದ. ಒಳಗೆ ಏನು ಮಾತಾಯಿತೋ, ಮುಖ ಬಿಗಿದುಕೊಂಡು ಹಾಳೆ ಎಳೆದುಕೊಂಡ. ವರ್ಷಗಳಿಂದ ಬಲ್ಲ ಮನುಷ್ಯ, ಪದ್ಧತಿಯ ಪ್ರಕಾರ ತಲೆ ಎತ್ತದೆ ಹೆಸರೇನು ಎಂದು ಕೇಳಿದ. ತಂದೆಯ ಹೆಸರು ಕೇಳಿದ. ಕಸುಬು ಕೇಳಿದ. ಕೋದಂಡರಾಮಪ್ಪ ಒಂದೊಂದಕ್ಕೂ ಉತ್ತರ ಕೊಟ್ಟ. ಆಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳಿದ, ವಕೀಲನ ಮಾತುಗಳು ನಡುವೆ ನುಸುಳಿದಾಗ ತಡೆದು ಮತ್ತೆ ಹೇಳಿದ. ಸತ್ತವಳ ಹೆಸರು ಬರಬೇಕಾದ ಕಡೆ, ನಬೀ ಸಾಬನ ಮನೆಯವರು ಎಂದಷ್ಟೇ ಬರೆಸಿದ. ಚನ್ನರಾಯಪ್ಪನ ಲೇಖನಿ ಒಂದು ಕಡೆ ನಿಂತಿತು, ನಿಂತು ಮುಂದುವರಿಯಿತು.

ಬರೆದದ್ದನ್ನು ಹೇಳಿದವನಿಗೆ ಓದಿ ತಿಳಿಸಬೇಕು, ಅದೂ ಪದ್ಧತಿ. ಚನ್ನರಾಯಪ್ಪ ಓದಿದ. ಬಾಗಿಲಿಗೆ ಬೀಗ ಇತ್ತು. ಗಾಡಿಯೊಳಗಿನಿಂದ ಹೆಂಗಸಿನ ದನಿ ಕೇಳಿಸುತ್ತಿತ್ತು. ಆಕೆ ಬದುಕಿದ್ದಳು. ನನ್ನ ಗಾಡಿಯಲ್ಲಿ ನನ್ನ ಮತ್ತು ಗಾಡಿ ಹೊಡೆಯುವವನ ಹೊರತು ಯಾರೂ ಇರಲಿಲ್ಲ, ಜಾಗವಿತ್ತು. ಜಗಲಿಯಲ್ಲಿದ್ದ ರೈತರ ಮಾತು ಒಬ್ಬೊಬ್ಬರದಾಗಿ ನಿಂತಿತು. ಹೊರಗೆ ನೊಗದ ಪಕ್ಕ ನಿಂತಿದ್ದ ದೊಡ್ಡಮುನಿಯಪ್ಪ ಮೆಟ್ಟಿಲವರೆಗೆ ಬಂದ. ಮುಂದಿನ ವಾಕ್ಯಕ್ಕೆ ಬಂದಾಗ ಚನ್ನರಾಯಪ್ಪ ಒಮ್ಮೆ ಜಗಲಿಯ ಕಡೆ ನೋಡಿ, ದನಿಯನ್ನು ಪೂರಾ ಇಳಿಸಿ, ಗಾಡಿ ಹೊಡಿ ಎಂದು ನಾನೇ ಹೇಳಿದೆ ಎಂಬುದನ್ನು ತುಟಿಯಲ್ಲೇ ಓದಿ ಹಾಳೆಯನ್ನು ಸಹಿಗೆಂದು ತಿರುಗಿಸಿದ.

'ಕೇಳಿಸಲಿಲ್ಲ' ಎಂದ ಕೋದಂಡರಾಮಪ್ಪ. 'ಸ್ವಲ್ಪ ಜೋರಾಗಿ ಓದಿ.'

ಚನ್ನರಾಯಪ್ಪ ಹಾಳೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಆ ವಾಕ್ಯವನ್ನು ಓದಿದ.